ಶಟ್ಟೆಪ್ಪನ ಲೈಸನ್ಸು

ನಿಜಗುಣಪ್ಪನ ಕಾಲು ಚಕ್ಕಡಿಯ ಅಚ್ಚಿನ ಕೆಳಗೆ ಸಿಕ್ಕಿತ್ತು. ಅದನ್ನು ಹೊರಗೆ ತೆಗೆಯುವಾಗ ಯಾರಿಗೂ ಜಾತಿ ನೆನಪಾಗಲಿಲ್ಲ ಎಂದು ಬರೆದರೆ ಕಥೆ ಚಂದವಾಗುತ್ತಿತ್ತು. ಆದರೆ ಅದು ಸುಳ್ಳು. ಎಲ್ಲರಿಗೂ ನೆನಪಿತ್ತು. ನೆನಪಿದ್ದದ್ದಕ್ಕೇ ಮೋಟಾರಿನಿಂದ ಇಳಿದ ಮಂದಿ ಧೋತರದ ಚುಂಗು ಹಿಡಿದುಕೊಂಡು ರಸ್ತೆಯ ಅಂಚಿಗೆ ಹೋಗಿ ನಿಂತರು. ಡ್ರೈವರ್ ಶಟ್ಟೆಪ್ಪ ಹೆಗಲು ಕೊಟ್ಟ ಅಚ್ಚಿನ ಕಟ್ಟಿಗೆಗೆ ತಾವೂ ಹೆಗಲು ಕೊಟ್ಟರೆ ಮೈಗೆ ಮೈ ತಾಗುತ್ತದೆ. ಅವನು ಹೊಲೆಗೇರಿಯವನು.

"ಹಿಡೀರಿ ಯಪ್ಪಾ, ಒಬ್ಬರರ ಬರ್ರಿ!" ಎಂದು ಶಟ್ಟೆಪ್ಪ ಕೂಗಿದ.

ಯಾರೂ ಬರಲಿಲ್ಲ. ಬಂದವಳು ನಿಜಗುಣಪ್ಪನ ಹೆಂಡತಿ ತಂಗೆವ್ವ. ಅವಳೂ ಚಕ್ಕಡಿಯಿಂದ ಉರುಳಿ ಬಿದ್ದು ಮೊಣಕೈ ತರಚಿಕೊಂಡಿದ್ದಳು. ಸೀರೆಯ ಕಚ್ಚೆ ಬಿಗಿದು ಶಟ್ಟೆಪ್ಪನ ಪಕ್ಕದಲ್ಲೇ ಕೈಹಾಕಿ ಎತ್ತಿದಳು. ಇಬ್ಬರೂ ಹಲ್ಲು ಕಚ್ಚಿ ಎತ್ತಿದರು. ಅಚ್ಚು ಒಂದು ಗೇಣು ಮೇಲೆದ್ದಿತು. ನಿಜಗುಣಪ್ಪ ಅಂಗೈಯ ಮೇಲೆ ತೆವಳಿ ಹೊರಗೆ ಬಂದ. ಮೊಣಕಾಲ ಕೆಳಗೆ ಎಲುಬು ಚರ್ಮ ಹರಿದು ಹೊರಗೆ ಇಣುಕಿತ್ತು.

ಆದದ್ದು ಇಷ್ಟು. ನಿಜಗುಣಪ್ಪ ಹತ್ತಿಯ ಅಂಡಿಗೆ ಹೇರಿಕೊಂಡು ಬೈಲಹೊಂಗಲದ ಪ್ಯಾಟಿಗೆ ಹೊರಟಿದ್ದ. ಈ ಕಡೆಯ ರೈತರ ರೂಢಿ ಏನೆಂದರೆ, ನಸುಕಿನಲ್ಲಿ ಎತ್ತು ಹೂಡಿ ದಾರಿಗೆ ಹಚ್ಚಿ, ಹೇರಿನ ಮೇಲೆ ಮಲಗಿಬಿಡುವುದು. ಎತ್ತಿಗೆ ದಾರಿ ಗೊತ್ತು. ಎದುರಿಗೆ ಇನ್ನೊಂದು ಚಕ್ಕಡಿ ಬಂದರೆ ಎತ್ತುಗಳೇ ದಾರಿ ಬಿಟ್ಟುಕೊಡುತ್ತವೆ, ಯಜಮಾನರು ಎರಡೂ ಕಡೆ ಗೊರಕೆ ಹೊಡೆಯುತ್ತಿದ್ದರೂ ನಡೆಯುತ್ತದೆ. ಅಜ್ಜನ ಕಾಲದ ಈ ಏರ್ಪಾಟಿನಲ್ಲಿ ಮೋಟಾರಿಗೆ ಜಾಗವಿರಲಿಲ್ಲ. ಹಳ್ಳದ ತಿರುವಿನಲ್ಲಿ ಶಟ್ಟೆಪ್ಪ ಹಾರ್ನು ಒತ್ತಿದ, ಬ್ರೇಕು ತುಳಿದ. ಅಂಚಿನ ಎರೆಮಣ್ಣು ಇಬ್ಬನಿಗೆ ಜಿಗಿಯಾಗಿತ್ತು. ಮೋಟಾರು ಜಾರಿ ಚಕ್ಕಡಿಯ ಗಾಲಿಗೆ ತಾಗಿತು. ಎತ್ತುಗಳು ಬೆದರಿ ತಗ್ಗಿಗೆ ಎಳೆದವು. ತಪ್ಪು ಯಾರದು ಎಂದು ಇವತ್ತಿಗೂ ಹೇಳುವುದು ಕಷ್ಟ. ಮಲಗಿದವನದೋ, ಜಾರಿದವನದೋ, ಮಣ್ಣಿನದೋ.

ಶಟ್ಟೆಪ್ಪ ತನ್ನ ರುಮಾಲು ಬಿಚ್ಚಿ ಕಾಲು ಕಟ್ಟಿದ. ನಿಜಗುಣಪ್ಪನನ್ನು ಎರಡೂ ಕೈಯಿಂದ ಎತ್ತಿ ಮೋಟಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ. ತಂಗೆವ್ವ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ನಾವು?" ಎಂದ ಸಂಗಪ್ಪ. ಅವನು ಸವದತ್ತಿಗೆ ಹೊರಟಿದ್ದ ಶೇಂಗಾದ ವ್ಯಾಪಾರಿ. "ನಮ್ಮನ್ನ ನಡು ದಾರ್ಯಾಗ ಬಿಟ್ಟ ಹೊಂಟೇನಲೇ?"

"ದವಾಖಾನಿಗೆ ಹಾಕಿ ತಿರಗಿ ಬರತೇನ್ರಿ."

"ನನಗ ಸವದತ್ತ್ಯಾಗ ಗಿರಾಕಿ ಕಾಯಾಕ ಹತ್ಯಾರೋ!"

ಶಟ್ಟೆಪ್ಪ ಹ್ಯಾಂಡಲ್ ತಿರುವಿ ಮೋಟಾರು ಎಬ್ಬಿಸಿದ.

ಇವನು ಡ್ರೈವರ್ ಆದದ್ದು ಹೇಗೆ ಎಂದು ಕೇಳುವಿರಿ. ಲಡಾಯಿಯ ಕಾಲದಲ್ಲಿ ಹೊಟ್ಟೆಗಿಲ್ಲದೆ ಪಲ್ಟನ್ನು ಸೇರಿ ಕಡಲಾಚೆಯ ಬಸರಾಕ್ಕೆ ಹೋದ. ಅಲ್ಲಿ ಮರಳಿನಲ್ಲಿ ಮೊದಲು ಮೂಟೆ ಹೊತ್ತ, ಆಮೇಲೆ ಹೇಸರಗತ್ತೆ ಹೊಡೆದ, ಕೊನೆಗೆ ಗೋರಾ ಮಿಸ್ತ್ರಿಯೊಬ್ಬನ ಕೈಕೆಳಗೆ ಲಾರಿ ಕಲಿತ. ಲಡಾಯಿ ಮುಗಿದು ಊರಿಗೆ ಬಂದಾಗ ಬೈಲಹೊಂಗಲದ ಸಾಹುಕಾರನೊಬ್ಬ ಮೋಟಾರು ತಂದು ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದ. ಹೊಡೆಯುವವರೇ ಇರಲಿಲ್ಲ. ಶಟ್ಟೆಪ್ಪ ಬೆಳಗಾವಿಗೆ ನಡೆದು ಹೋಗಿ ಪೊಲೀಸ್ ಸಾಹೇಬನ ಎದುರಿಗೆ ಮೋಟಾರು ಓಡಿಸಿ ತೋರಿಸಿ ಲೈಸನ್ಸು ತಂದ. ಅರಿವೆ ಹಚ್ಚಿದ ದಪ್ಪ ಕಾಗದ, ಅದರ ಮೇಲೆ ಸರಕಾರದ ಸಿಕ್ಕಾ.

ಹೊಲೆಯನು ಹೊಡೆಯುವ ಮೋಟಾರಿನಲ್ಲಿ ಮಡಿವಂತ ಮಂದಿ ಹೇಗೆ ಕೂತರು ಎಂದೂ ಕೇಳುವಿರಿ. ಕೂತರು. ಸಾಹುಕಾರ ಡ್ರೈವರನ ಬೆನ್ನಿಗೆ ಒಂದು ಹಲಗೆ ಹೊಡೆಸಿದ. ಬಾಡಿಗೆಯನ್ನು ತನ್ನ ಅಂಗಡಿಯಲ್ಲೇ ವಸೂಲು ಮಾಡಿದ. ಕಬ್ಬಿಣಕ್ಕೂ ಬೆಂಕಿಗೂ ಮೈಲಿಗೆ ಇಲ್ಲ ಎಂದು ಅಯ್ಯನೋರ ಬಾಯಿಂದ ಹೇಳಿಸಿದ. ಬೈಲಹೊಂಗಲದಿಂದ ಸವದತ್ತಿಗೆ ಚಕ್ಕಡಿಯಲ್ಲಿ ಇಡೀ ದಿನ ಮೈ ನುಗ್ಗಾಗುತ್ತದೆ. ಮೋಟಾರಿನಲ್ಲಿ ಊಟದ ಹೊತ್ತಿಗೆ ಮುಟ್ಟಬಹುದು. ಅಷ್ಟು ಅನುಕೂಲಕ್ಕಾಗಿ ಧರ್ಮ ಸ್ವಲ್ಪ ಸರಿದು ಕೂತಿತು.

ಬೈಲಹೊಂಗಲದ ದವಾಖಾನೆಯ ಡಾಕ್ಟರು ಕಾಲು ನೋಡಿ, ಇನ್ನಷ್ಟು ತಡವಾಗಿದ್ದರೆ ಕತ್ತರಿಸಬೇಕಾಗುತ್ತಿತ್ತು ಎಂದರು. ತಂಗೆವ್ವ ಬಾಗಿಲಿಗೆ ಬಂದು ಶಟ್ಟೆಪ್ಪನ ಕಡೆ ನೋಡಿದಳು. "ನಿನ್ನ ಹೊಟ್ಟಿ ತಣ್ಣಗಿರಲಿ" ಎಂದಳು. ಮರುಕ್ಷಣ "ನಮ್ಮ ಚಕ್ಕಡಿ ಕೆಡವಿದಾವನೂ ನೀನ" ಎಂದು ಅತ್ತಳು. ಎರಡೂ ಖರೆಯೇ. ಶಟ್ಟೆಪ್ಪ ತಲೆ ತಗ್ಗಿಸಿ ನಿಂತು, ತಿರುಗಿ ಮೋಟಾರು ಹತ್ತಿದ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ಪರಾರಿಯಾಗಿ ಕಿತ್ತೂರಿನ ಆಚೆ ಕಾಡು ಸೇರುತ್ತಿದ್ದರು. ಇವನಿಗೆ ಬಸರಾದಲ್ಲಿ ಕಲಿಸಿದ್ದು ಬೇರೆ. ಅಪಘಾತವಾದರೆ ಓಡಬೇಡ, ಪೊಲೀಸರು ಬರುವವರೆಗೆ ನಿಲ್ಲು, ಲೈಸನ್ಸು ತೋರಿಸು. ಲೈಸನ್ಸಿದ್ದವನಿಗೆ ಭಯವಿಲ್ಲ ಎಂದು ಆ ಮಿಸ್ತ್ರಿ ಹೇಳಿದ್ದ. ಪಾಪ, ಅವನು ನಮ್ಮ ಸೀಮೆ ಕಂಡವನಲ್ಲ.

ಅಪಘಾತವಾದದ್ದು ಬನ್ನಿಮಡ್ಡಿಯ ಶಿವಾರದಲ್ಲಿ. ಅದು ಶಟ್ಟೆಪ್ಪನ ಸ್ವಂತ ಊರು. ಅಂದು ಚಾವಡಿಯಲ್ಲಿ ಪೊಲೀಸ್ ಫೌಜದಾರ ಮುಕ್ಕಾಂ ಮಾಡಿದ್ದ. ಸಂಗಪ್ಪ ನಡೆದು ಹೋಗಿ ಮೊದಲೇ ದೂರು ಕೊಟ್ಟಿದ್ದ. ದೂರಿನಲ್ಲಿ ನಿಜಗುಣಪ್ಪನ ಕಾಲಿಗಿಂತ ಸಂಗಪ್ಪನ ಗಿರಾಕಿಯ ಮಾತೇ ಹೆಚ್ಚಿತ್ತು.

ಶಟ್ಟೆಪ್ಪ ಮೋಟಾರನ್ನು ಚಾವಡಿಯ ಎದುರಿಗೆ ತಂದು ನಿಲ್ಲಿಸಿದ. ಮೆಟ್ಟಿಲಿನಿಂದ ದೂರ, ಹೊಲೆಗೇರಿಯವರು ನಿಲ್ಲುವ ಜಾಗದಲ್ಲಿ ಬಂದು ನಿಂತ. ಆ ಜಾಗಕ್ಕೆ ಗೆರೆ ಎಳೆದಿರಲಿಲ್ಲ. ಹುಟ್ಟಿದ ಕೂಸಿಗೂ ಅದು ಗೊತ್ತಿತ್ತು.

ಚಾವಡಿಯ ಮಗ್ಗುಲಿಗೆ ಫೌಜದಾರನ ಕುದುರೆ ಕಟ್ಟಿದ್ದರು. ಅದರ ಮುಂದೆ ಹುಲ್ಲು ಹರವುತ್ತ ಕೂತ ಮುದುಕ ಊರಿನ ವಾಲಿಕಾರ ಲಕ್ಕಪ್ಪ. ಶಟ್ಟೆಪ್ಪನ ಅಪ್ಪ. ಮಗನನ್ನು ಕಂಡು ಎದ್ದು ನಿಂತ. ಚಾವಡಿಯ ಎದುರು ಕೇಳದೆ ಮಾತಾಡಿ ಅವನಿಗೆ ರೂಢಿಯಿರಲಿಲ್ಲ.

"ಮೋಟಾರ ಹೊಡ್ಯಾಂವ ನೀನೇನಲೇ?" ಫೌಜದಾರ ಎಲೆ ಅಡಿಕೆ ಜಗಿಯುತ್ತ ಕೇಳಿದ.

"ಹೌದ್ರಿ."

"ಬೂಟ ಬಿಚ್ಚು."

ಶಟ್ಟೆಪ್ಪ ಬೂಟು ಬಿಚ್ಚಿದ.

"ಕ್ವಾಟೂ ಬಿಚ್ಚು. ದೊಡ್ಡ ಸರದಾರ ಆಗೀದಿ."

ಕೋಟಿನ ಒಳಗಿನ ಕಿಸೆಯಿಂದ ಲೈಸನ್ಸು ತೆಗೆದು ಕೈಯಲ್ಲಿ ಹಿಡಿದುಕೊಂಡು ಕೋಟೂ ಬಿಚ್ಚಿದ. ಬಿಸಿಲು ಏರಿತ್ತು. ಕಲ್ಲು ಕಾದಿತ್ತು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಹಾರ್ನು ಒತ್ತಿದೆ ಎಂದ. ಬ್ರೇಕು ತುಳಿದೆ ಎಂದ. ಮೋಟಾರು ಜಾರಿತು, ತಾಗಿತು, ಅದೂ ನಿಜ ಎಂದ. ಫೌಜದಾರ ನಡುನಡುವೆ ಬೈದ, ಸಂಗಪ್ಪ ನಡುನಡುವೆ ಬಾಯಿ ಹಾಕಿದ. ಶಟ್ಟೆಪ್ಪ ಎಲ್ಲವನ್ನೂ ನುಂಗಿಕೊಂಡ. ನುಂಗುವುದು ಹೊಸದಲ್ಲ.

"ಲೈಸನ್ಸ ಐತೇನು?"

"ಐತ್ರಿ." ಕೈ ಮುಂದೆ ಚಾಚಿದ.

ಫೌಜದಾರ ಬೆತ್ತದಿಂದ ಮೆಟ್ಟಿಲ ಕೆಳಗಿನ ನೆಲ ತೋರಿಸಿದ. "ಅಲ್ಲಿಡು. ಇಟ್ಟು ಹಿಂದಕ ಸರಿ."

ಹೊಲೆಗೇರಿಯ ಕಾಗದ ಚಾವಡಿ ಹತ್ತುವುದಕ್ಕೆ ಒಂದು ರೀತಿಯಿತ್ತು. ಹೊಲೆಯ ಕೊಟ್ಟ ರೊಕ್ಕಕ್ಕೆ ನೀರು ಚಿಮುಕಿಸಬಹುದು. ಕಾಗದಕ್ಕೆ ನೀರು ಬಿದ್ದರೆ ಶಾಯಿ ಹರಿಯುತ್ತದೆ. ಅದಕ್ಕೆ ಯಾರೋ ಶಾಣ್ಯಾ ಮನುಷ್ಯ ತಲೆ ಓಡಿಸಿದ್ದ: ಕಾಗದವನ್ನು ನೆಲದ ಮೇಲೆ ಇಡಿಸಬೇಕು, ಅದರ ಮೈಲಿಗೆಯನ್ನು ಭೂಮಿತಾಯಿ ಹೀರಿಕೊಳ್ಳುತ್ತಾಳೆ, ಆಮೇಲೆ ಎತ್ತಿಕೊಳ್ಳಬೇಕು. ಬೆಳೆ ಕೊಡುವುದಲ್ಲದೆ ಭೂಮಿತಾಯಿಗೆ ಈ ಕೆಲಸವನ್ನೂ ಹಚ್ಚಿದ್ದರು.

ಶಟ್ಟೆಪ್ಪ ಮುಂದೆ ಬಂದ. ಮೊಣಕಾಲು ಮಡಚಿದ. ಖರೇ ಹೇಳಬೇಕೆಂದರೆ ಅವನು ಇಡುವವನೇ ಇದ್ದ. ಅಷ್ಟರಲ್ಲಿ ನೆಲ ಕಂಡಿತು. ಮುಂಜಾನೆಯಿಂದ ಫೌಜದಾರ ಕೂತಲ್ಲಿಂದ ಉಗುಳಿದ್ದೆಲ್ಲ ಅಲ್ಲೇ ಬಿದ್ದಿತ್ತು. ಕೆಂಪಗೆ, ಹಸಿಯಾಗಿ, ನೊಣ ಮುಕುರಿಕೊಂಡು. ಅದರ ಮೇಲೆ ಚಾಚಿದ ತನ್ನ ಕೈ ಕಂಡಿತು. ಉಗುರಿನ ಸಂದಿಯಲ್ಲಿ ನಿಜಗುಣಪ್ಪನ ರಕ್ತ ಇನ್ನೂ ಹೋಗಿರಲಿಲ್ಲ. ಮುಂಜಾನೆ ನಿಜಗುಣಪ್ಪನನ್ನು ಎತ್ತಲು ಈ ಕೈ ಆಗಿತ್ತು. ಈಗ ಈ ಕೈಯಲ್ಲಿದ್ದ ಕಾಗದ ಉಗುಳಿನಲ್ಲಿ ಅದ್ದಿದರೆ ಶುದ್ಧವಾಗುತ್ತದೆ! ಎದ್ದು ನಿಂತ.

"ಇಡೂದಿಲ್ರಿ."

"ಏನಂದಿ?"

"ನೆಲಕ್ಕ ಇಡೂದಿಲ್ರಿ. ಬೆಳಗಾವ್ಯಾಗ ಸಾಹೇಬ ನನ್ನ ಕೈಯಾಗ ಕೊಟ್ಟಾನ್ರಿ. ನಿಮ್ಮ ಕೈಯಾಗ ಕೊಡತೇನಿ. ತಗೋರಿ."

ಫೌಜದಾರ ಜಗಿಯುವುದನ್ನು ಬಿಟ್ಟ.

"ಸಾಹೇಬ ನಾಯೀನೂ ಮುಟ್ಟತಾನಲೇ. ತೊಡಿ ಮ್ಯಾಲ ಕುಂದ್ರಿಸಿಕೊಂಡು ಮುದ್ದಾಡತಾನ. ಹಾಂಗಂತ ನಾ ಮುಟ್ಟಲೇನು? ಮಡಿವಾಳೆಪ್ಪಾ!"

ಮಡಿವಾಳೆಪ್ಪ ಕಾನ್‌ಸ್ಟೆಬಲ್. ಲಾಠಿ ಹಿಡಿದು ಮೆಟ್ಟಿಲಿಳಿದ. ಲಾಠಿಗೆ ಮೈಲಿಗೆಯಿಲ್ಲ. ಮೊದಲ ಏಟು ಮೀನಖಂಡಕ್ಕೆ ಬಿತ್ತು. ಎರಡನೆಯದು ಅಲ್ಲಿಗೇ. ಮೂರನೆಯದಕ್ಕೆ ಶಟ್ಟೆಪ್ಪ ಒಂದು ಮೊಣಕಾಲ ಮೇಲೆ ಕುಸಿದ. ಕೈ ಮಾತ್ರ ಕೆಳಗೆ ಬರಗೊಡಲಿಲ್ಲ. ಕಾಗದ ಮೇಲೆಯೇ ಇತ್ತು.

ಕುದುರೆಯ ಪಕ್ಕದಲ್ಲಿ ಲಕ್ಕಪ್ಪ ಹುಲ್ಲಿನ ಹಿಡಿ ಹಿಡಿದುಕೊಂಡೇ ನಿಂತಿದ್ದ.

"ಲೈಸನ್ಸ ತೋರಿಸಿಲ್ಲ ಅಂತ ಬರೀತೇನಿ" ಎಂದ ಫೌಜದಾರ. "ಲೈಸನ್ಸ ಇಲ್ದ ಮೋಟಾರ ಹೊಡದು ಮನಷ್ಯಾನ ಕಾಲ ಮುರದಿ. ತುರಂಗಕ್ಕ ಹೋಗತಿ. ಹೊರಗ ಬಂದ ಮ್ಯಾಲ ಮೋಟಾರ ಹಂತ್ಯಾಕ ಹಾಯಗೊಡೂದಿಲ್ಲ. ಸತ್ತ ದನಾ ಎಳಕೋಂತ ಇರು, ನಿಮ್ಮಪ್ಪನಂಗ."

ಶಟ್ಟೆಪ್ಪನಿಗೆ ಭಯವಾಯಿತು. ತುರಂಗಕ್ಕಲ್ಲ. ದನ ಎಳೆಯುವುದಕ್ಕೆ. ಹತ್ತು ವರ್ಷದವನಿದ್ದಾಗಿನಿಂದ ಎಳೆದಿದ್ದ. ಮಳೆಯಲ್ಲಿ ಸತ್ತು ಉಬ್ಬಿದ ಎಮ್ಮೆಯ ಕಾಲಿಗೆ ಹಗ್ಗ ಬಿಗಿದು, ಕೆಸರಿನಲ್ಲಿ ಜಾರಿ ಅದರ ಮೇಲೆಯೇ ಬಿದ್ದು, ಮನೆಗೆ ಬಂದು ಊಟ ಸೇರದೆ ಕೂತ ದಿನಗಳಿದ್ದವು. ಬಸರಾದ ಗುಂಡಿಗೆ ಹೆದರದವನು ಆ ವಾಸನೆಗೆ ಹೆದರುತ್ತಿದ್ದ. ಅದರಿಂದ ಅವನನ್ನು ಹೊರಗೆ ತಂದದ್ದು ಈ ಕಾಗದ. ಹೆಂಡತಿ ಬಾಯವ್ವ ಇದನ್ನು ಹೊಸ ಅರಿವೆಯಲ್ಲಿ ಸುತ್ತಿ ಜಗುಲಿಯ ಮೇಲೆ ದೇವರ ಹತ್ತಿರ ಇಡುತ್ತಿದ್ದಳು. ಇದು ಹೋದರೆ ಬದುಕು ಹೋಯಿತು. ಇದನ್ನು ಉಳಿಸಿಕೊಳ್ಳಲು ಮಾಡಬೇಕಾದದ್ದು ಇಷ್ಟೇ, ಬಗ್ಗಿ ನೆಲಕ್ಕಿಡಬೇಕು.

"ಇಟ್ಟಬಿಡೋ ಮಾರಾಯಾ" ಎಂದ ಸಂಗಪ್ಪ. ದನಿಯಲ್ಲಿ ಕನಿಕರವೂ ಇತ್ತು, ಅವಸರವೂ ಇತ್ತು. "ಅದರಾಗೇನೈತಿ? ಮಂದಿ ಎಲ್ಲಾ ಇಟ್ಟಾರ. ನಮಗೂ ಹೊತ್ತಾಗೇತಿ."

"ನಿಮ್ಮ ಶೇಂಗಾದ ಚೀಟಿ ಉಗಳಿನ್ಯಾಗ ಇಡತೀರೇನ್ರಿ?"

ಮಡಿವಾಳೆಪ್ಪ ಮತ್ತೆ ಲಾಠಿ ಎತ್ತಿದ. ಫೌಜದಾರ ಕೈ ಅಡ್ಡ ಮಾಡಿ ತಡೆದ. ಅವನಿಗೆ ಒಂದು ಉಪಾಯ ಹೊಳೆದಿತ್ತು.

"ಲಕ್ಕ್ಯಾ, ಬಾ ಇಲ್ಲಿ. ಮಗನ ಕೈಯಾಗಿಂದ ಇಸಕೋ. ಇಸಕೊಂಡು ಇಲ್ಲಿಡು. ಅವನೂ ಇಡಲಿಲ್ಲ, ನಾನೂ ಮುಟ್ಟಲಿಲ್ಲ. ಮುಗೀತು."

ಎಲ್ಲರೂ ಉಸಿರು ಬಿಟ್ಟರು. ಉಪಾಯ ಎಲ್ಲರಿಗೂ ಸರಿ ಕಂಡಿತು. ಇದಕ್ಕೆ ತಕ್ಕ ಮನುಷ್ಯ ಲಕ್ಕಪ್ಪನೇ. ಈ ಊರಿನ ಟಪಾಲನ್ನು ಮುಂದಿನ ಊರಿಗೆ ಹೊತ್ತವನು ಅವನು. ಕಂದಾಯದ ಚೀಲ ಹೊತ್ತು ಖಜಾನೆಗೆ ಮುಟ್ಟಿಸಿದವನು ಅವನು. ಸಿಕ್ಕ ಕಳ್ಳರ ಕೈಕಟ್ಟಿ ತಂದವನು ಅವನು. ಊರಿನ ರೊಕ್ಕವನ್ನೆಲ್ಲ ನಂಬಿ ಅವನ ತಲೆಯ ಮೇಲೆ ಹೊರಿಸುತ್ತಿದ್ದರು, ಇಳಿಸಿಕೊಳ್ಳುವಾಗ ನೆಲಕ್ಕಿಡಿಸುತ್ತಿದ್ದರು. ಇಟ್ಟು ಇಟ್ಟು ಅವನ ಬೆನ್ನು ಬಾಗಿಯೇ ನಿಂತಿತ್ತು. ನಿಂತರೂ ಇಡುವವನಂತೆ ಕಾಣುತ್ತಿದ್ದ.

ಲಕ್ಕಪ್ಪ ಹುಲ್ಲು ಬಿಟ್ಟು ಬಂದ. ಮಗನ ಮುಂದೆ ಕೂತ. ಮೀನಖಂಡದ ಬಾಸುಂಡೆ ನೋಡಿದ.

"ಕೂಸ, ಕೊಡಪಾ. ಹಟಾ ಬ್ಯಾಡ. ನಾ ಜಲ್ಮ ಪೂರ್ತಿ ಇಟ್ಟೇನಿ. ನನಗೇನ ಆತು?"

ಶಟ್ಟೆಪ್ಪ ಅಪ್ಪನ ಮುಖ ನೋಡಿದ. "ಏನ ಆತು ಅಂತ ನೀನ ಹೇಳಪಾ."

ಮುದುಕ ಕಣ್ಣು ತಪ್ಪಿಸಿ ಕೈ ಚಾಚಿದ. ಶಟ್ಟೆಪ್ಪನ ಕಣ್ಣಲ್ಲಿ ನೀರು ಬಂತು. ಹೆತ್ತವನ ಕೈಗೆ ಇಲ್ಲವೆನ್ನಲು ಆಗಲಿಲ್ಲ. ಕೊಟ್ಟ.

ಲಕ್ಕಪ್ಪ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದ. ಅಷ್ಟು ಕಾಗದ ಹೊತ್ತಿದ್ದರೂ ಒಂದನ್ನೂ ಹೀಗೆ ಬಿಡಿಸಿ ನೋಡಿದವನಲ್ಲ. ಸಿಕ್ಕಾದ ಮೇಲೆ ಬೆರಳು ಆಡಿಸಿದ.

"ಏನ ಬರದಾರ ಇದರಾಗ?"

"ನನ್ನ ಹೆಸರು."

"ಎಲ್ಲಿ?"

ಶಟ್ಟೆಪ್ಪ ಬೆರಳಿಟ್ಟು ತೋರಿಸಿದ.

"ಅದರ ಮಗ್ಗಲಕ?"

"ನಿನ್ನ ಹೆಸರು."

"ನನ್ನ ಹೆಸರ ಯಾಕ? ನಾ ಏನ ಮೋಟಾರ ಹೊಡೀತೇನು?"

"ಮಗನ ಹೆಸರಿನ ಮಗ್ಗಲಕ ಅಪ್ಪನ ಹೆಸರ ಬರೀಬೇಕಪಾ. ಇಲ್ಲಾಂದ್ರ ಸರಕಾರದಾಗ ನಡ್ಯೂದಿಲ್ಲ. 'ಶಟ್ಟೆಪ್ಪ ಲಕ್ಕಪ್ಪ' ಅಂತ ಐತಿ ನೋಡು. ಲಕ್ಕ್ಯಾ ಅಂತ ಅಲ್ಲ. ಲಕ್ಕಪ್ಪ."

ಮುದುಕ ಆ ಅಕ್ಷರಗಳನ್ನೇ ನೋಡಿದ. ಇರುವೆ ಸಾಲಿನಷ್ಟು ಸಣ್ಣವು. ಊರಲ್ಲಿ ಅವನನ್ನು ಪೂರ್ತಿ ಹೆಸರಿನಿಂದ ಕರೆದವರು ಹೊಲೆಗೇರಿಯ ಹೊರಗೆ ಯಾರೂ ಇರಲಿಲ್ಲ. ಅವನ ಹೆಸರು ಸರಕಾರದ ಸಿಕ್ಕಾದ ಕೆಳಗೆ ಇಷ್ಟು ದಿನ ಇತ್ತು, ಅವನಿಗೆ ತಿಳಿದಿರಲಿಲ್ಲ.

"ಏನಲೇ ಅಪ್ಪ ಮಗಂದು ಗುಸುಗುಸು? ಇಡು!" ಎಂದ ಫೌಜದಾರ.

ಲಕ್ಕಪ್ಪ ಎದ್ದ. ಮೆಟ್ಟಿಲ ಹತ್ತಿರ ಬಂದ. ಅವನು ಬಗ್ಗುತ್ತಾನೆಂದು ಎಲ್ಲರೂ ಕಾದರು. ಅವನು ನೆಲ ನೋಡಿದ. ಕೆಂಪು ಉಗುಳು ನೋಡಿದ. ಕಾಗದ ನೋಡಿದ. ಬಗ್ಗಲಿಲ್ಲ. ಬಾಗಿದ ಬೆನ್ನು ಎಷ್ಟು ನೆಟ್ಟಗಾಗುತ್ತದೆಯೋ ಅಷ್ಟು ನೆಟ್ಟಗೆ ಮಾಡಿದ. ಕೈ ಮೇಲೆತ್ತಿ ಫೌಜದಾರನ ಮುಖದ ಕಡೆ ಚಾಚಿದ.

"ತಗೋರಿ ಸಾಹೇಬ್ರ."

"ನೆಲಕ್ಕಲೇ!"

"ನನ್ನ ಹೆಸರ ಐತ್ರಿ ಇದರಾಗ. ಉಗಳಿನ್ಯಾಗ ಇಡಾಕ ಒಲ್ಲೆ. ತಗೋರಿ."

ಫೌಜದಾರ ಎದ್ದ ರಭಸಕ್ಕೆ ಕುರ್ಚಿ ಹಿಂದೆ ಬಿತ್ತು. ಮುಖ ಕೆಂಪೇರಿತ್ತು. ಮಗನಿಗಿಂತ ಅಪ್ಪನ ಮಾತು ಅವನಿಗೆ ಹೆಚ್ಚು ಚುಚ್ಚಿತು. ಮಗ ಪಲ್ಟನ್ನಿನಲ್ಲಿ ಕೆಟ್ಟು ಬಂದವನು ಎನ್ನಬಹುದು. ಈ ಮುದುಕನನ್ನು ಕೆಡಿಸಿದವರು ಯಾರು?

"ಕಟ್ಟು ಇಬ್ಬರ್ನೂ! ಎಳಕೊಂಡ ನಡಿ!"

ಮಡಿವಾಳೆಪ್ಪ ಹಗ್ಗ ತಂದ. ತಂದವನು ರೂಢಿಯಂತೆ ಅದನ್ನು ಲಕ್ಕಪ್ಪನ ಕಾಲ ಹತ್ತಿರ ಎಸೆದ. "ಕಟ್ಟಲೇ" ಎಂದ. ಆ ಊರಿನಲ್ಲಿ ಯಾರನ್ನೇ ಹಿಡಿಯಲಿ, ಕೈ ಕಟ್ಟುವ ಕೆಲಸ ವಾಲಿಕಾರನದು. ಪೊಲೀಸರು ಹೊಡೆಯುತ್ತಿದ್ದರು, ಲಕ್ಕಪ್ಪ ಕಟ್ಟುತ್ತಿದ್ದ. ಹೊಲೆಗೇರಿಯವರನ್ನು ಕಟ್ಟುವುದಿದ್ದರಂತೂ ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

ಲಕ್ಕಪ್ಪ ಹಗ್ಗ ನೋಡಿದ. ಚಾಚಿದ ಕೈ ಇಳಿಸಲಿಲ್ಲ.

"ಮಗನ್ನ ನಾ ಕಟ್ಟೂದಿಲ್ರಿ" ಎಂದ. ಕ್ಷಣ ಬಿಟ್ಟು ಕೇಳಿದ, "ನನ್ನ ಯಾರ ಕಟ್ಟತೀರಿ?"

ಫೌಜದಾರ ಮಡಿವಾಳೆಪ್ಪನ ಮುಖ ನೋಡಿದ. ಮಡಿವಾಳೆಪ್ಪ ತನ್ನ ಕೈ ನೋಡಿಕೊಂಡ, ಎರಡು ಹೆಜ್ಜೆ ಹಿಂದೆ ಸರಿದ. ಸಂಗಪ್ಪ ಕಂಬದ ಮರೆಗೆ ಹೋದ. ಚಾವಡಿಯಲ್ಲಿ ಅಷ್ಟು ಮಂದಿ ಇದ್ದರು. ಅಪ್ಪ ಮಗನ ನಾಲ್ಕು ಕೈ ಹಿಡಿದು ಕಟ್ಟಲು ಒಬ್ಬ ಗಂಡಸೂ ಇರಲಿಲ್ಲ.

"ಹಾಂಗ ನಡೀರಲೇ ಮುಂದ!" ಎಂದು ಫೌಜದಾರ ಒದರಿದ.

ನಡೆದರು. ಮೋಟಾರು ಚಾವಡಿಯ ಎದುರಿಗೇ ಉಳಿಯಿತು, ಅದನ್ನು ಒಯ್ಯಲು ಯಾರಿಗೂ ಬರುತ್ತಿರಲಿಲ್ಲ. ಹಿಂದೆ ಕುದುರೆಯ ಮೇಲೆ ಫೌಜದಾರ, ಅದರ ಪಕ್ಕದಲ್ಲಿ ಲಾಠಿ ಹೊತ್ತ ಮಡಿವಾಳೆಪ್ಪ, ಮುಂದೆ ಕುಂಟುತ್ತ ಶಟ್ಟೆಪ್ಪ, ಅವನ ಮಗ್ಗುಲಿಗೆ ಲಕ್ಕಪ್ಪ. ಬೈಲಹೊಂಗಲ ದೂರವಿತ್ತು. ಅಲ್ಲಿ ಏನು ಕಾದಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೊಡೆತ, ತುರಂಗ, ರದ್ದಾಗುವ ಲೈಸನ್ಸು. ಊರಲ್ಲಿ ವಾಲಿಕಾರಿಕೆಯೂ ಹೋಗುತ್ತದೆ, ಅದಕ್ಕೆ ಊರು ಕೊಡುವ ಕಾಳೂ ಹೋಗುತ್ತದೆ. ಇದನ್ನು ಗೆಲುವು ಎಂದು ಕರೆಯುವ ಧೈರ್ಯ ನನಗಿಲ್ಲ.

ಹಳ್ಳ ದಾಟಿದ ಮೇಲೆ ಶಟ್ಟೆಪ್ಪ ಅಪ್ಪನ ಕಡೆ ನೋಡಿದ. ಮುದುಕ ಇನ್ನೂ ಕೈ ಮುಂದೆ ಚಾಚಿಕೊಂಡೇ ನಡೆಯುತ್ತಿದ್ದ. ಕಾಗದ ಗಾಳಿಗೆ ಪಟಪಟ ಬಡಿಯುತ್ತಿತ್ತು.

"ಕೈ ಇಳಸಪಾ. ನೋಯತೈತಿ. ಕೊಡು, ನಾ ಕಿಸೇದಾಗ ಇಟ್ಟಕೋತೇನಿ."

"ಇರಲಿ" ಎಂದ ಲಕ್ಕಪ್ಪ. "ಇನ್ನೂ ಯಾರೂ ತಗೊಂಡಿಲ್ಲ."